ಮೆಮೊರಿಯ ಹೂಳು

ನಮ್ಮ ಕಾಲೇಜಿನ ಹೆಸರಿನಲ್ಲಿಯೇ ‘ಕಲಾ’ ಎಂಬ ಮಾತು ಇರುವುದರಿಂದ ವಾರ್ಷಿಕ ಸಂಚಿಕೆಯಲ್ಲಿ ಕಾವ್ಯಕ್ಕೂ ಇತಿಹಾಸಕ್ಕೂ ಮೊದಲ ಮಣೆ ದೊರೆಯುವುದು ನ್ಯಾಯವೇ. ಹಿಂಬದಿಯ ಕೊಠಡಿಯಲ್ಲಿ ಬಿ.ಸಿ.ಎ. ಓದುತ್ತಿರುವ ನಾವು ಈ ಪುಟಗಳಲ್ಲಿ ಕಾಣಿಸಿಕೊಳ್ಳುವುದು ವಿರಳ. ಕಾಣಿಸಿಕೊಂಡರೂ ‘ಗಣಕಯಂತ್ರದ ಉಪಯೋಗಗಳು’ ಎಂಬ ಒಂದೇ ಪ್ರಬಂಧವನ್ನು ವರ್ಷವರ್ಷವೂ ಬೇರೆ ಬೇರೆಯವರು ಬರೆದುಕೊಡುವುದು ನಮ್ಮ ರೂಢಿಯಾಗಿಬಿಟ್ಟಿದೆ. ಈ ಸಲ ಉಪಯೋಗಗಳನ್ನು ಬಿಟ್ಟು ಒಂದು ಉಪದ್ರವವನ್ನು ಕುರಿತು ಬರೆಯಲು ಧೈರ್ಯ ಮಾಡಿದ್ದೇನೆ. ವಿಷಯ ಸ್ವಲ್ಪ ಒಣದಾದುದು. ಆದರೆ ಅದರಿಂದ ನನ್ನ ಸೋದರಮಾವನ ಮಾನ ಹೋಗುವುದರಲ್ಲಿತ್ತಾದ್ದರಿಂದ, ಗಣಕದ ಪರಿಚಯವಿಲ್ಲದ ಮಿತ್ರರೂ ಕೊನೆಯವರೆಗೆ ಓದಿಯಾರು ಎಂದು ನಂಬಿದ್ದೇನೆ.

ಮಾವ ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ಊರಿನವರ ಬಾಯಲ್ಲಿ ಅದು ‘ಡೈರಿ’. ಅಲ್ಲಿ ತೂಕದ ಯಂತ್ರಕ್ಕೆ ಒಂದು ಸಣ್ಣ ಕಂಪ್ಯೂಟರನ್ನು ಜೋಡಿಸಿದ್ದಾರೆ. ಒಳಕೋಣೆಯಲ್ಲಿ ಇನ್ನೊಂದು ದೊಡ್ಡ ಕಂಪ್ಯೂಟರು. ಅದರ ತೆರೆ ಕಿಟಕಿಯ ಕಡೆಗೆ ಮುಖಮಾಡಿದೆ. ಹಾಲು ಹೊಯ್ಯುವವರು ತಮ್ಮ ಹಾಲಿನ ತೂಕ ಏರುವುದನ್ನು ತಾವೇ ಕಣ್ಣಾರೆ ಕಾಣಬೇಕೆಂಬ ಸದುದ್ದೇಶದಿಂದ ಸಣ್ಣ ಕಂಪ್ಯೂಟರಿನ ಪ್ರೋಗ್ರಾಮು ಸೆಕೆಂಡಿಗೆ ಐದು ಸಲ ತೂಕದ ಅಳತೆಯನ್ನು ಒಳಕೋಣೆಗೆ ಕಳುಹಿಸುತ್ತದೆ. ಕೊನೆಗೆ ಒಪ್ಪಿಗೆಯಾದ ಲೆಕ್ಕವೂ ಅದೇ ದಾರಿಯಲ್ಲಿ ಹೋಗಿ ಬಟವಾಡೆಯ ಪಟ್ಟಿಗೆ ಸೇರುತ್ತದೆ. ಬೆಳಿಗ್ಗೆ ಮೂರು ಗಂಟೆ, ಸಂಜೆ ಮೂರು ಗಂಟೆ ಈ ಕೆಲಸ.

ಈ ಪ್ರೋಗ್ರಾಮು ಆಗಾಗ ಸಾಯುತ್ತಿತ್ತು. ಮೊದಮೊದಲು ನಾಲ್ಕನೆಯ ದಿನಕ್ಕೊಮ್ಮೆ. ಅದನ್ನು ಕೂಡಿಸಿಕೊಟ್ಟಿದ್ದ ಸಂಸ್ಥೆಯವರು ಬಂದು, ‘ಮೆಮೊರಿ ಸಾಲದು’ ಎಂದು ಹೇಳಿ, ಪ್ರೋಗ್ರಾಮಿಗೆ ಗೊತ್ತುಮಾಡಿದ್ದ ೬೪ ಮೆಗಾಬೈಟಿನ ಮಿತಿಯನ್ನು ೧೨೮ಕ್ಕೆ ಏರಿಸಿ ಹೋದರು. ಅಂದಿನಿಂದ ಎಂಟನೆಯ ದಿನಕ್ಕೊಮ್ಮೆ ಸಾಯಲು ತೊಡಗಿತು. ಮಾವ ಜಾಣರು. ಪ್ರತಿ ಭಾನುವಾರ ಮಧ್ಯಾಹ್ನ ತಾವೇ ಅದನ್ನು ನಿಲ್ಲಿಸಿ ಮತ್ತೆ ಹೊರಡಿಸುವ ಪದ್ಧತಿಯನ್ನಿಟ್ಟುಕೊಂಡು, ಗೋಡೆಯ ಮೇಲೆ ಒಂದು ಚೀಟಿಯನ್ನೂ ಅಂಟಿಸಿದರು. ಹೀಗೆ ಕೆಲವು ತಿಂಗಳು ಸುಸೂತ್ರವಾಗಿ ನಡೆಯಿತು. ಒಂದು ಭಾನುವಾರ ಅವರು ಮದುವೆಗೆ ಹೋದರು. ಚೀಟಿಯನ್ನು ಓದುವವರು ಯಾರೂ ಇರಲಿಲ್ಲ. ಸೋಮವಾರ ಬೆಳಿಗ್ಗೆ ಸರತಿ ಇನ್ನೇನು ಮುಗಿಯಬೇಕು ಎನ್ನುವಾಗ ಪ್ರೋಗ್ರಾಮು ನಿಂತಿತು. ಉಳಿದಿದ್ದ ಹತ್ತು ಹನ್ನೆರಡು ಮಂದಿಯ ಲೆಕ್ಕವನ್ನು ಕಾಗದದ ಚೂರಿನ ಮೇಲೆ ಬರೆದುಕೊಂಡರು. ಅದರಲ್ಲಿ ಒಬ್ಬ ಅಜ್ಜಿಯ ಮೂರೂವರೆ ಲೀಟರು ಬಿಟ್ಟುಹೋಯಿತು. ಬಟವಾಡೆಯ ದಿನ ಅಜ್ಜಿ ಜಗಲಿಯ ಮೇಲೆ ಕುಳಿತು ಅತ್ತಳು. ಮಾವ ತಮ್ಮ ಜೇಬಿನಿಂದ ಹಣ ಕೊಟ್ಟರು. ಅದು ಇನ್ನಷ್ಟು ಕೆಟ್ಟಿತು. ‘ತಪ್ಪಿಲ್ಲದವನು ಜೇಬಿಗೇಕೆ ಕೈಹಾಕುತ್ತಾನೆ’ ಎಂದು ಅರಳಿಕಟ್ಟೆಯಲ್ಲಿ ಮಾತಾಯಿತು.

ನಾನು ರಜೆಗೆಂದು ಹೋದುದು ಈ ಮಾತು ಬಿಸಿಯಾಗಿದ್ದಾಗ. ಪ್ರೋಗ್ರಾಮು ಜಾವಾ ಭಾಷೆಯಲ್ಲಿತ್ತು. ಅದರ ಮೂಲಬರಹವೂ ಆ ಯಂತ್ರದಲ್ಲಿಯೇ ಉಳಿದಿತ್ತು. ‘ನೀನು ಓದಿರುವುದು ಇದೇ ಅಲ್ಲವೇನೋ, ನೋಡು’ ಎಂದರು ಮಾವ. ನಮ್ಮ ಪಠ್ಯದಲ್ಲಿ ಜಾವಾ ಇದೆ. ಅದರಲ್ಲಿ ಮೆಮೊರಿಯ ಚಿಂತೆ ಪ್ರೋಗ್ರಾಮು ಬರೆಯುವವನಿಗೆ ಇಲ್ಲ ಎಂಬ ಮಾತೂ ಪಠ್ಯದಲ್ಲಿದೆ. ಚಿಂತೆಯಿಲ್ಲದ ಭಾಷೆಯಲ್ಲಿ ಮೆಮೊರಿ ಹೇಗೆ ತೀರಿಹೋಯಿತು? ನನ್ನನ್ನು ಕಾಡಿದ ಪ್ರಶ್ನೆ ಅದೇ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಿ ಮೂಲವನ್ನು ನೋಡಬೇಕಾಗುತ್ತದೆ. ಪ್ರೋಗ್ರಾಮು ನಡೆಯುವಾಗ ಅಳತೆ, ದಿನಾಂಕ, ಹೆಸರು ಮುಂತಾದವನ್ನು ಮೆಮೊರಿಯಲ್ಲಿ ಗಂಟುಕಟ್ಟಿ ಇಡುತ್ತದೆ. ಈ ಗಂಟಿಗೆ ‘ಆಬ್ಜೆಕ್ಟ್’ ಎಂದು ಹೆಸರು. ನಾವು ವಸ್ತು ಎನ್ನೋಣ. ಹಳೆಯ ಪದ್ಧತಿಯಲ್ಲಿ ವಸ್ತುವಿಗೆ ಜಾಗ ಕೇಳಿದವನೇ ಕೆಲಸ ಮುಗಿದ ಮೇಲೆ ಆ ಜಾಗವನ್ನು ಹಿಂದಿರುಗಿಸಬೇಕಾಗಿತ್ತು. ಮರೆತರೆ ಜಾಗ ನಷ್ಟ. ಅವಸರಪಟ್ಟು ಮೊದಲೇ ಹಿಂದಿರುಗಿಸಿದರೆ ಅನರ್ಥ. ಅಮೆರಿಕದ ಜಾನ್ ಮೆಕಾರ್ಥಿ ಎಂಬ ವಿದ್ವಾಂಸರು ಲಿಸ್ಪ್ ಭಾಷೆಯನ್ನು ಕುರಿತು ೧೯೬೦ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದಕ್ಕೊಂದು ಪರಿಹಾರವನ್ನು ತೋರಿಸಿದರು. ಐಬಿಎಂ ೭೦೪ ಎಂಬ ಯಂತ್ರದಲ್ಲಿ ಬಿಡುವಾದ ಜಾಗ ತೀರಿಹೋದಾಗ, ಪ್ರೋಗ್ರಾಮು ಸದ್ಯ ಕೈಯಲ್ಲಿ ಹಿಡಿದಿರುವ ಕೆಲವು ಮೂಲಸ್ಥಾನಗಳಿಂದ ಹೊರಟು, ಒಂದರಿಂದ ಒಂದಕ್ಕೆ ಇರುವ ಕೊಂಡಿಗಳನ್ನು ಹಿಡಿದು ಎಲ್ಲಿಯವರೆಗೆ ಹೋಗಬಹುದೋ ಅಲ್ಲಿಯವರೆಗೆ ಹೋಗಿ, ಮುಟ್ಟಿದ್ದಕ್ಕೆಲ್ಲ ಗುರುತು ಹಾಕುವುದು; ಗುರುತು ಬೀಳದೆ ಉಳಿದದ್ದನ್ನೆಲ್ಲ ಬಿಡುವಾದ ಜಾಗವೆಂದು ಎಣಿಸುವುದು. ಮುಂದೆ ಇದಕ್ಕೆ ‘ಗಾರ್ಬೇಜ್ ಕಲೆಕ್ಷನ್’ ಎಂಬ ಹೆಸರು ನಿಂತಿತು. ಕೆಲಸ ಮಾಡುವ ಅಂಗಕ್ಕೆ ಕಲೆಕ್ಟರು ಎನ್ನುತ್ತಾರೆ. ಜಿಲ್ಲೆಯ ಕಲೆಕ್ಟರಿಗೂ ಇವರಿಗೂ ಸಂಬಂಧವಿಲ್ಲ, ಕರೆದಾಗ ಬರುವರೆಂಬ ಭರವಸೆ ಇಲ್ಲದಿರುವುದೊಂದನ್ನು ಬಿಟ್ಟರೆ. ಅದೇ ೧೯೬೦ರಲ್ಲಿ ಜಾರ್ಜ್ ಕಾಲಿನ್ಸ್ ಎಂಬುವರು, ಪ್ರತಿಯೊಂದು ವಸ್ತುವನ್ನು ಎಷ್ಟು ಮಂದಿ ಹಿಡಿದಿದ್ದಾರೆಂದು ಎಣಿಸಿಟ್ಟು, ಎಣಿಕೆ ಸೊನ್ನೆಯಾದಾಗ ಬಿಟ್ಟುಬಿಡುವ ಬೇರೊಂದು ಕ್ರಮವನ್ನು ಸೂಚಿಸಿದರು. ಎರಡು ವಸ್ತುಗಳು ಪರಸ್ಪರ ಕೈಹಿಡಿದು ಕುಳಿತರೆ ಆ ಎಣಿಕೆ ಎಂದಿಗೂ ಸೊನ್ನೆಯಾಗುವುದಿಲ್ಲವೆಂಬುದು ಅದರ ತೊಡಕು. ಜಾವಾದ ಕಲೆಕ್ಟರು ಮೆಕಾರ್ಥಿಯ ವಂಶದವನು.

ಇಷ್ಟರಲ್ಲಿ ಒಂದು ಮಾತು ಸ್ಪಷ್ಟವಾಯಿತಷ್ಟೆ: ವಸ್ತು ಬೇಕೋ ಬೇಡವೋ ಎಂಬುದನ್ನು ಕಲೆಕ್ಟರು ವಿಚಾರಿಸುವುದಿಲ್ಲ. ಅದರವರೆಗೆ ದಾರಿ ಇದೆಯೋ ಇಲ್ಲವೋ ಎಂಬುದೊಂದೇ ಅವನ ಪ್ರಶ್ನೆ. ಯಾರಿಗೂ ಬೇಡವಾದ ವಸ್ತುವನ್ನು ಎಲ್ಲೋ ಒಂದು ಮೂಲೆಯಲ್ಲಿ ಒಬ್ಬ ಹಿಡಿದುಕೊಂಡೇ ಇದ್ದರೆ ಕಲೆಕ್ಟರು ಕೈಮುಗಿದು ಮುಂದೆ ಹೋಗುತ್ತಾನೆ. ಇಂಥ ವಸ್ತುಗಳು ದಿನದಿನಕ್ಕೆ ಹೆಚ್ಚುವುದನ್ನು ‘ಮೆಮೊರಿ ಲೀಕ್’, ಎಂದರೆ ಸೋರಿಕೆ, ಎಂದು ಕರೆಯುವುದು ವಾಡಿಕೆ. ಹೆಸರು ನನಗೆ ಸರಿತೋರದು. ಇಲ್ಲಿ ಏನೂ ಸೋರಿಹೋಗುವುದಿಲ್ಲ; ಬಂದದ್ದೆಲ್ಲ ಉಳಿದುಕೊಳ್ಳುತ್ತದೆ. ನಮ್ಮ ಕೆರೆಗಳಿಗೆ ಹೂಳು ತುಂಬುವ ಹಾಗೆ. ಏರಿ ಭದ್ರವಾಗಿಯೇ ಇರುತ್ತದೆ, ತೂಬೂ ಸರಿಯಾಗಿರುತ್ತದೆ, ನೀರು ನಿಲ್ಲುವ ಜಾಗ ಮಾತ್ರ ವರ್ಷವರ್ಷಕ್ಕೆ ಕಡಿಮೆಯಾಗುತ್ತದೆ.

ಹೂಳೇ ಹೌದೋ ಅಲ್ಲವೋ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಪ್ರೋಗ್ರಾಮು ಎಷ್ಟು ಮೆಮೊರಿ ಹಿಡಿದಿದೆ ಎಂದು ಒಮ್ಮೆ ನೋಡಿದರೆ ಏನೂ ತಿಳಿಯದು. ಕಲೆಕ್ಟರು ಬರುವ ಮೊದಲು ಅದು ಏರಿರುತ್ತದೆ, ಬಂದುಹೋದ ಮೇಲೆ ಇಳಿದಿರುತ್ತದೆ. ಗರಗಸದ ಹಲ್ಲಿನಂತೆ ಏರಿಳಿತ. ಆ ಹಲ್ಲುಗಳ ತುದಿಯನ್ನಲ್ಲ, ಬುಡವನ್ನು ನೋಡಬೇಕು. ಪೂರ್ಣ ಗುಡಿಸುವಿಕೆಯಾದ ಕೂಡಲೇ ಎಷ್ಟು ಉಳಿಯಿತೆಂಬುದನ್ನು ಪ್ರತಿ ರಾತ್ರಿ ಬರೆದುಕೊಂಡೆ. ಪ್ರೋಗ್ರಾಮನ್ನು ಹೊರಡಿಸಿದಾಗ ೯ ಮೆಗಾಬೈಟು; ಮೊದಲ ರಾತ್ರಿ ೨೪, ಎರಡನೆಯ ರಾತ್ರಿ ೩೯, ಮೂರನೆಯ ರಾತ್ರಿ ೫೪. ದಿನಕ್ಕೆ ಹದಿನೈದು, ತಪ್ಪದೆ. ಇದೇ ಲೆಕ್ಕದಲ್ಲಿ ೬೪ರ ಮಿತಿ ನಾಲ್ಕನೆಯ ದಿನವೂ ೧೨೮ರ ಮಿತಿ ಎಂಟನೆಯ ದಿನವೂ ತುಂಬಬೇಕು, ಹಾಗೆಯೇ ಆಗಿತ್ತು. ಮಿತಿಯನ್ನು ಇಮ್ಮಡಿಸಿದಾಗ ಆಯುಸ್ಸೂ ಇಮ್ಮಡಿಯಾದುದೇ ದೊಡ್ಡ ಸಾಕ್ಷಿಯಾಗಿತ್ತು. ಅದನ್ನು ಆ ಸಂಸ್ಥೆಯವರು ಔಷಧವೆಂದು ತಿಳಿದರು, ರೋಗದ ಲಕ್ಷಣವೆಂದು ತಿಳಿಯಲಿಲ್ಲ.

ಮುಂದಿನ ಪ್ರಶ್ನೆ, ಉಳಿಯುತ್ತಿರುವುದು ಏನು? ಪ್ರೋಗ್ರಾಮು ಸಾಯುವಾಗ ಹೇಳಿಹೋದ ತಪ್ಪೊಪ್ಪಿಗೆಯನ್ನು ನಾನು ಮೊದಲು ನಂಬಿದೆ. ಒಂದು ಸಲ ಅದು ತೆರೆಗೆ ಬರೆಯುವ ಸಾಲನ್ನೂ ಇನ್ನೊಂದು ಸಲ ದಿನಾಂಕ ಕೇಳುವ ಸಾಲನ್ನೂ ದೂರಿತ್ತು. ಎರಡನ್ನೂ ಎರಡು ದಿನ ತಿದ್ದಿ ತಿದ್ದಿ ನೋಡಿ ಸೋತೆ. ಆಮೇಲೆ ಹೊಳೆಯಿತು: ಮದುವೆಯ ಮನೆಯಲ್ಲಿ ಕೊನೆಯ ಪಂಕ್ತಿಗೆ ಅನ್ನ ಸಾಲದಿದ್ದರೆ ಕೊನೆಯಲ್ಲಿ ಕುಳಿತವನು ಹೆಚ್ಚು ಉಂಡನೆಂದು ಅರ್ಥವೆ? ಮೆಮೊರಿ ತೀರಿದಾಗ ಯಾವನು ಕೇಳಿದನೋ ಅವನ ಹೆಸರು ಬೀಳುತ್ತದೆ, ಅಷ್ಟೆ.

ಜಾವಾದೊಡನೆ ಬರುವ ‘ಜೆಮ್ಯಾಪ್’ ಎಂಬ ಉಪಕರಣವಿದೆ. ಅದು ಪೂರ್ಣ ಗುಡಿಸುವಿಕೆಯನ್ನು ಮಾಡಿಸಿ, ಉಳಿದ ವಸ್ತುಗಳನ್ನು ಜಾತಿವಾರು ಎಣಿಸಿ ಕೊಡುತ್ತದೆ. ಬೆಳಿಗ್ಗೆ ಆರೂವರೆಗೆ ಒಮ್ಮೆ, ಎಂಟೂವರೆಗೆ ಒಮ್ಮೆ ಎಣಿಸಿದೆ. ಬೇರೆ ಬೇರೆ ಜಾತಿಗಳು ಅಲ್ಪಸ್ವಲ್ಪ ಏರಿಳಿದಿದ್ದವು. ‘ತೂಕದ ಅಳತೆ’ ಎಂಬ ನಮ್ಮ ವಸ್ತು ಮಾತ್ರ ೩೬,೦೦೦ದಷ್ಟು ಹೆಚ್ಚಿತ್ತು. ಅದರೊಳಗಿನ ದಿನಾಂಕಗಳೂ ಅಷ್ಟೇ, ಸದಸ್ಯಸಂಖ್ಯೆಯ ಅಕ್ಷರಸಾಲುಗಳೂ ಅಷ್ಟೇ. ಎರಡು ಗಂಟೆಗೆ ೭,೨೦೦ ಸೆಕೆಂಡು, ಸೆಕೆಂಡಿಗೆ ಐದು. ಒಟ್ಟು ಮೂವತ್ತಾರು ಸಾವಿರ. ಎಂದರೆ ಕಳುಹಿಸಿದ ಅಳತೆಗಳಲ್ಲಿ ಒಂದೂ ಹೋಗಿರಲಿಲ್ಲ. ಒಂದೊಂದೂ ತನ್ನ ಪರಿವಾರದೊಡನೆ ಸುಮಾರು ೧೪೦ ಬೈಟು ಹಿಡಿಯುತ್ತದೆ. ದಿನಕ್ಕೆ ೧,೦೮,೦೦೦ ಅಳತೆ. ಗುಣಿಸಿದರೆ ಹದಿನೈದು ಮೆಗಾಬೈಟು. ಲೆಕ್ಕ ಇಷ್ಟು ಚೊಕ್ಕವಾಗಿ ಕೂಡಿಬಂದಾಗ ನನಗಾದ ಸಂತೋಷವನ್ನು ಮಾವನಿಗೆ ವಿವರಿಸಲು ಹೋದೆ. ‘ಸರಿಹೋಯಿತೆ?’ ಎಂದು ಕೇಳಿದರು. ಇಲ್ಲವೆಂದೆ.

ಕಲೆಕ್ಟರನ್ನು ಬಲವಂತವಾಗಿ ಕರೆಯುವ ಒಂದು ಆಜ್ಞೆ ಜಾವಾದಲ್ಲಿದೆ, ಅದನ್ನು ನಿಮಿಷಕ್ಕೊಮ್ಮೆ ಕರೆಯುವಂತೆ ಬರೆದರೆ ಹೇಗೆ ಎಂಬ ಆಲೋಚನೆ ಯಾರಿಗಾದರೂ ಬರುತ್ತದೆ, ನನಗೂ ಬಂತು. ಅದು ವ್ಯರ್ಥ. ಜೆಮ್ಯಾಪ್ ತಾನೇ ಪೂರ್ಣವಾಗಿ ಗುಡಿಸಿದ ಮೇಲೂ ಮೂವತ್ತಾರು ಸಾವಿರ ಉಳಿದಿತ್ತಲ್ಲ! ಹತ್ತು ಸಲ ಗುಡಿಸಿದರೂ ಕಟ್ಟಿಹಾಕಿದ ಗಂಟು ಕಸವಾಗುವುದಿಲ್ಲ.

ಹಿಡಿದಿರುವವನು ಯಾರು ಎಂಬುದೇ ಉಳಿದ ಪ್ರಶ್ನೆ. ನಾನು ಪ್ರೋಗ್ರಾಮಿನ ಮೂಲಬರಹವನ್ನು ಸಾಲುಸಾಲಾಗಿ ಓದಿದೆ. ಅಳತೆಯನ್ನು ಹುಟ್ಟಿಸುತ್ತದೆ, ಕಳುಹಿಸುತ್ತದೆ, ಮರೆಯುತ್ತದೆ. ಪಟ್ಟಿಯಿಲ್ಲ, ಪೆಟ್ಟಿಗೆಯಿಲ್ಲ. ಕೊನೆಗೆ ಬೆಂಗಳೂರಿನಲ್ಲಿ ಇಂಥದೇ ಕೆಲಸದಲ್ಲಿರುವ ನನ್ನ ಭಾವನವರಿಗೆ ಫೋನು ಮಾಡಿದೆ. ‘ನಿಮ್ಮ ಬರಹದಲ್ಲಿ ಇಲ್ಲದಿದ್ದರೆ ನೀವು ಕರೆದವರ ಬರಹದಲ್ಲಿ ಇರುತ್ತದಪ್ಪ. ಊಹೆ ಬೇಡ, ಇಡೀ ಮೆಮೊರಿಯ ಪ್ರತಿ ತೆಗೆದು ದಾರಿ ನೋಡು’ ಎಂದರು. ಹಾಗೆ ಪ್ರತಿ ತೆಗೆಯುವ ಏರ್ಪಾಡೂ ಜೆಮ್ಯಾಪಿನಲ್ಲಿದೆ. ಅದನ್ನು ಎಕ್ಲಿಪ್ಸ್ ಬಳಗದ ‘ಮೆಮೊರಿ ಅನಲೈಜರ್’ ಎಂಬ ಉಚಿತ ಸಾಧನದಲ್ಲಿ ತೆರೆದು, ಒಂದು ಅಳತೆಯನ್ನು ಆರಿಸಿ, ಮೂಲಸ್ಥಾನದಿಂದ ಇದರವರೆಗೆ ಯಾವ ದಾರಿ ಎಂದು ಕೇಳಿದೆ. ಉತ್ತರ ಐದು ಸಾಲು. ಅಳತೆಯನ್ನು ಒಂದು ಉದ್ದವಾದ ಸಾಲುಪೆಟ್ಟಿಗೆ ಹಿಡಿದಿತ್ತು. ಅದನ್ನು ‘ಹ್ಯಾಂಡಲ್ ಟೇಬಲ್’ ಎಂಬ ವಸ್ತು. ಅದನ್ನು ‘ಆಬ್ಜೆಕ್ಟ್ ಔಟ್‌ಪುಟ್ ಸ್ಟ್ರೀಮ್’ ಎಂಬುದು. ಅದನ್ನು ನಮ್ಮ ಕಳುಹಿಸುವ ಕಾರ್ಯಧಾರೆ. ಹ್ಯಾಂಡಲ್ ಟೇಬಲ್ ಎಂಬ ಹೆಸರನ್ನು ನಾನು ಅದುವರೆಗೆ ಕೇಳಿಯೂ ಇರಲಿಲ್ಲ.

ಈಗ ಸೀರಿಯಲೈಸೇಷನ್ ಎಂಬುದರ ವಿಚಾರ. ಮೆಮೊರಿಯಲ್ಲಿ ವಸ್ತುಗಳು ಒಂದಕ್ಕೊಂದು ಕೊಂಡಿಹಾಕಿಕೊಂಡು ಬಲೆಯಂತೆ ಹರಡಿರುತ್ತವೆ. ತಂತಿಯ ಮೂಲಕ ಕಳುಹಿಸಬೇಕಾದರೆ ಆ ಬಲೆಯನ್ನು ಬಿಚ್ಚಿ ಒಂದೇ ಎಳೆಯಾಗಿ ಹೊಸೆಯಬೇಕು. ಆಚೆಯವನು ಆ ಎಳೆಯಿಂದ ಮತ್ತೆ ಅದೇ ಬಲೆಯನ್ನು ನೇಯಬೇಕು. ಜಾವಾದಲ್ಲಿ ಈ ಅನುಕೂಲ ೧೯೯೭ರಲ್ಲಿ ಬಂದ ೧.೧ನೆಯ ಆವೃತ್ತಿಯಿಂದ ಇದೆ. ಹೊಸೆಯುವವನೇ ಆ ಆಬ್ಜೆಕ್ಟ್ ಔಟ್‌ಪುಟ್ ಸ್ಟ್ರೀಮ್. ಇದರಲ್ಲಿ ಒಂದು ಕಷ್ಟವಿದೆ. ಇಬ್ಬರು ವಿದ್ಯಾರ್ಥಿಗಳಿಗೆ ಅಧ್ಯಾಪಕರೊಬ್ಬರೇ ಎಂದಿಟ್ಟುಕೊಳ್ಳಿ. ಇಬ್ಬರನ್ನೂ ಬರೆಯುವಾಗ ಅಧ್ಯಾಪಕರನ್ನೂ ಎರಡು ಸಲ ಬರೆದರೆ ಆಚೆ ಕಡೆ ಇಬ್ಬರು ಅಧ್ಯಾಪಕರು ಹುಟ್ಟಿಬಿಡುತ್ತಾರೆ. ಅಧ್ಯಾಪಕರಲ್ಲಿ ವಿದ್ಯಾರ್ಥಿಗಳ ಪಟ್ಟಿಯೂ ಇದ್ದರಂತೂ, ವಿದ್ಯಾರ್ಥಿಯಿಂದ ಅಧ್ಯಾಪಕರಿಗೆ, ಅಧ್ಯಾಪಕರಿಂದ ವಿದ್ಯಾರ್ಥಿಗೆ ಸುತ್ತಿ ಸುತ್ತಿ ಬರಹ ಮುಗಿಯುವುದೇ ಇಲ್ಲ.

ಕಚೇರಿಯ ಜಾವಕ ಗುಮಾಸ್ತನನ್ನು ನೆನೆಸಿಕೊಳ್ಳಿ. ಹೊರಗೆ ಹೋಗುವ ಪ್ರತಿಯೊಂದು ಕಾಗದಕ್ಕೂ ಅವನು ಸಂಖ್ಯೆ ಕೊಡುತ್ತಾನೆ. ಅದೇ ಕಾಗದದ ಪ್ರಸ್ತಾಪ ಮತ್ತೆ ಬಂದರೆ ‘ನಮ್ಮ ಇಷ್ಟನೆಯ ಸಂಖ್ಯೆಯ ಪತ್ರ ನೋಡಿ’ ಎಂದು ಬರೆಯುತ್ತಾನೆಯೇ ಹೊರತು ಕಾಗದವನ್ನು ಮತ್ತೆ ನಕಲು ಮಾಡುವುದಿಲ್ಲ. ಈ ಸ್ಟ್ರೀಮೂ ಹಾಗೆಯೇ. ಮೊದಲ ಸಲ ಕಂಡ ವಸ್ತುವನ್ನು ಪೂರ್ತಿಯಾಗಿ ಬರೆದು ಅದಕ್ಕೊಂದು ಸಂಖ್ಯೆ ಕೊಡುತ್ತದೆ. ಈ ಸಂಖ್ಯೆಗಳು ಒಂದರಿಂದಲ್ಲ, ೮೨,೫೭,೫೩೬ರಿಂದ ಆರಂಭವಾಗುತ್ತವೆ ಎಂಬುದು ವಿನೋದ. ಅದೇ ವಸ್ತು ಮತ್ತೆ ಬಂದರೆ ಒಂದು ಬೈಟಿನ ಗುರುತು, ನಾಲ್ಕು ಬೈಟಿನ ಸಂಖ್ಯೆ, ಒಟ್ಟು ಐದು ಬೈಟಿನಲ್ಲಿ ಕೆಲಸ ತೀರುತ್ತದೆ. ಬಹಳ ಅಚ್ಚುಕಟ್ಟು. ಆದರೆ ಬಂದ ವಸ್ತು ಹಿಂದೆ ಕಂಡದ್ದೇ ಎಂದು ಗುರುತಿಸಬೇಕಾದರೆ ಹಿಂದೆ ಕಂಡದ್ದೆಲ್ಲವೂ ಕೈಯಲ್ಲಿರಬೇಕಷ್ಟೆ? ಆದ್ದರಿಂದ ಈ ಗುಮಾಸ್ತ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದಲ್ಲದೆ ಮೂಲ ಕಾಗದವನ್ನೂ ಕಡತದಲ್ಲಿ ಕಟ್ಟಿಡುತ್ತಾನೆ. ಹತ್ತು ಮನೆಯ ಕೋಷ್ಟಕದಿಂದ ಹೊರಟು, ತುಂಬಿದಾಗಲೆಲ್ಲ ಸುಮಾರು ಇಮ್ಮಡಿಯಾಗಿ ಬೆಳೆಯುವ ಆ ಕಡತವೇ ಹ್ಯಾಂಡಲ್ ಟೇಬಲ್. ಸ್ಟ್ರೀಮನ್ನು ಮುಚ್ಚಿದಾಗ ಕಡತವೂ ಖಾಲಿಯಾಗುತ್ತದೆ. ಒಂದು ಫೈಲನ್ನು ಬರೆದು ಮುಚ್ಚುವವರಿಗೆ ಇದರಿಂದ ತೊಂದರೆಯೇ ಇಲ್ಲ. ನಮ್ಮ ಪ್ರಯೋಗಾಲಯದ ಅಭ್ಯಾಸಗಳಲ್ಲಿ ಇದು ಕಾಣಿಸದಿರುವುದಕ್ಕೆ ಅದೇ ಕಾರಣ. ಡೈರಿಯ ಸ್ಟ್ರೀಮಾದರೋ ಭಾನುವಾರದಿಂದ ಭಾನುವಾರದವರೆಗೆ ತೆರೆದೇ ಇರುತ್ತಿತ್ತು.

ಒಳಕೋಣೆಯ ಕಂಪ್ಯೂಟರಿನಲ್ಲಿಯೂ ಇದರ ಜೋಡಿ ಕಡತವೊಂದು ಇರಲೇಬೇಕು. ಇಲ್ಲವಾದರೆ ‘ಇಷ್ಟನೆಯ ಪತ್ರ ನೋಡಿ’ ಎಂದರೆ ಅವನು ನೋಡುವುದೆಲ್ಲಿ? ಅಲ್ಲಿಯೂ ಹೂಳು ಇದೇ ವೇಗದಲ್ಲಿ ತುಂಬುತ್ತಿತ್ತು. ಅಲ್ಲಿ ಮಿತಿ ದೊಡ್ಡದಾಗಿದ್ದುದರಿಂದಲೂ, ಇವನು ಸತ್ತಾಗಲೆಲ್ಲ ಸಂಪರ್ಕ ಕಡಿದು ಅದಕ್ಕೂ ಬಿಡುಗಡೆಯಾಗುತ್ತಿದ್ದುದರಿಂದಲೂ ಯಾರಿಗೂ ತಿಳಿದಿರಲಿಲ್ಲ.

ಇಲ್ಲಿ ನನ್ನ ಒಂದು ದಡ್ಡತನವನ್ನು ಮುಚ್ಚಿಡದೆ ಹೇಳಬೇಕು. ದಾರಿ ಕಂಡ ಸಂಜೆಯೇ, ಭಾವನವರನ್ನು ಮತ್ತೆ ಕೇಳದೆ, ನಾನೇ ಒಂದು ಉಪಾಯ ಹೂಡಿದೆ. ಪ್ರತಿ ಸಲವೂ ಹೊಸ ಅಳತೆಯನ್ನು ಹುಟ್ಟಿಸುವುದರಿಂದಲ್ಲವೆ ಕಡತ ಬೆಳೆಯುವುದು? ಒಂದೇ ವಸ್ತುವನ್ನಿಟ್ಟುಕೊಂಡು, ಅದರೊಳಗಿನ ತೂಕವನ್ನು ಬದಲಿಸಿ ಬದಲಿಸಿ ಕಳುಹಿಸಿದರೆ ಕಡತದಲ್ಲಿ ಒಂದೇ ಕಾಗದ ಉಳಿಯುತ್ತದೆ. ಹಾಗೆಯೇ ಬರೆದೆ. ಎಣಿಕೆ ಒಂದಕ್ಕೆ ನಿಂತಿತು, ಬುಡ ಏರಲಿಲ್ಲ. ಉಬ್ಬಿಹೋಗಿ ಮಾವನನ್ನು ಕರೆದು, ಕ್ಯಾನಿಗೆ ನೀರು ತುಂಬಿ ತೂಕದ ಯಂತ್ರದ ಮೇಲಿಟ್ಟೆ. ಕಿಟಕಿಯ ತೆರೆಯ ಮೇಲೆ ಸೊನ್ನೆ. ಇನ್ನೊಂದು ಕ್ಯಾನು ಇಟ್ಟೆ. ಸೊನ್ನೆಯೇ. ಪ್ರೋಗ್ರಾಮು ಹೊರಟಾಗ ತಕ್ಕಡಿ ಖಾಲಿಯಾಗಿತ್ತು. ಆ ಮೊದಲ ಅಳತೆಯೊಂದೇ ಪೂರ್ತಿಯಾಗಿ ಹೋಗಿತ್ತು. ಆಮೇಲಿನ ಪ್ರತಿಯೊಂದಕ್ಕೂ ಗುಮಾಸ್ತ ‘ಈ ವಸ್ತುವನ್ನು ಆಗಲೇ ಕಳುಹಿಸಿದ್ದೇನೆ, ಸಂಖ್ಯೆ ನೋಡಿ’ ಎಂದು ಐದು ಬೈಟು ಬರೆಯುತ್ತಿದ್ದ. ಒಳಗಿನ ತೂಕ ಬದಲಾಗಿದೆಯೆ ಎಂದು ಅವನು ನೋಡುವುದಿಲ್ಲ; ವಸ್ತು ಅದೇ ಹೌದೇ ಎಂಬುದೊಂದನ್ನೇ ನೋಡುವವನು. ಆ ತಿದ್ದುಪಡಿಯೊಡನೆ ಮರುದಿನ ಹಾಲು ಅಳೆದಿದ್ದರೆ ಒಬ್ಬ ಅಜ್ಜಿಯದಲ್ಲ, ಇಡೀ ಊರಿನ ಹಾಲು ಸೊನ್ನೆಯಾಗುತ್ತಿತ್ತು.

ಆದರೆ ಈ ಸೊನ್ನೆಯಿಂದಲೇ ನನಗೆ ವಿಷಯ ನಿಜವಾಗಿ ಅರ್ಥವಾಯಿತೆನ್ನಬೇಕು. ಹಳೆಯ ತೂಕ ಅಂಟಿಕೊಳ್ಳುವುದೂ ಮೆಮೊರಿ ತುಂಬುವುದೂ ಎರಡು ದೋಷಗಳಲ್ಲ. ಒಂದೇ ನೆನಪಿನ ಎರಡು ಮುಖಗಳು. ಕಂಡದ್ದನ್ನು ಮರೆಯದಿರುವೆನೆಂದು ಸ್ಟ್ರೀಮು ಮಾತು ಕೊಟ್ಟಿದೆ. ಆ ಮಾತನ್ನು ಅದು ಉಳಿಸಿಕೊಳ್ಳುತ್ತಿದೆ. ಕಲೆಕ್ಟರಿನಲ್ಲಿ ತಪ್ಪಿಲ್ಲ, ಸ್ಟ್ರೀಮಿನಲ್ಲಿಯೂ ತಪ್ಪಿಲ್ಲ. ಇನ್ನು ಸಾಕು ಮರೆ ಎಂದು ಹೇಳಬೇಕಾದವನು ಪ್ರೋಗ್ರಾಮು ಬರೆದವನು, ಅವನು ಹೇಳಿರಲಿಲ್ಲ.

ಹೇಳುವ ಮಾತಿಗೆ ‘ರೀಸೆಟ್’ ಎಂದು ಹೆಸರು. ಸ್ಟ್ರೀಮಿನ ಮೇಲೆ ಅದನ್ನು ಕರೆದರೆ ಕಡತ ಖಾಲಿಯಾಗುತ್ತದೆ; ಜೊತೆಗೆ ಎಳೆಯೊಳಗೆ ಒಂದು ಬೈಟಿನ ಗುರುತು ಹೋಗಿ, ಆಚೆಯವನೂ ತನ್ನ ಕಡತವನ್ನು ಬರಿದುಮಾಡುತ್ತಾನೆ. ಒಂದು ಕಡೆ ಹೇಳಿದರೆ ಎರಡು ಕೆರೆಯ ಹೂಳು ತೆಗೆದಂತೆ. ಭಾವನವರು ಫೋನಿನಲ್ಲಿ ನಕ್ಕು, ‘ಮೊದಲ ದಿನವೇ ಕೇಳಬೇಕೆಂದಿದ್ದೆ, ರೀಸೆಟ್ ಎಲ್ಲಿ ಕರೆದಿದ್ದಾರೆ ಎಂದು. ನೀನೇ ಕಂಡುಕೊಳ್ಳಲಿ ಎಂದು ಬಿಟ್ಟೆ’ ಎಂದರು. ಹಿರಿಯರ ಈ ಪದ್ಧತಿಯಿಂದ ನನ್ನ ನಾಲ್ಕು ದಿನ ಹೋಯಿತು.

ಎಷ್ಟು ಸಲಕ್ಕೊಮ್ಮೆ ಕರೆಯಬೇಕು? ಪ್ರತಿ ವಸ್ತುವಿಗೂ ಕರೆದರೆ ನಷ್ಟವಿದೆ. ಕಡತದಲ್ಲಿ ವಸ್ತುಗಳಲ್ಲದೆ ಆಯಾ ಜಾತಿಯ ವಿವರಣೆಯೂ (ಹೆಸರೇನು, ಒಳಗೆ ಯಾವ ಯಾವ ಅಂಕಣಗಳಿವೆ ಎಂಬುದೂ) ಇರುತ್ತದೆ. ಮರೆತ ಮೇಲೆ ಅದನ್ನೂ ಮತ್ತೆ ಬರೆಯಬೇಕು. ನಮ್ಮ ಅಳತೆಗೆ ವಿವರಣೆಯೊಡನೆ ಸುಮಾರು ೧೭೦ ಬೈಟು, ಅದಿಲ್ಲದೆ ೪೦ರ ಆಸುಪಾಸು. ನೂರು ಸಲಕ್ಕೊಮ್ಮೆ ಎಂದು ಗೊತ್ತುಮಾಡಿದೆವು. ಇಪ್ಪತ್ತು ಸೆಕೆಂಡಿಗೊಮ್ಮೆ ಮರೆವು. ಹೆಚ್ಚೆಂದರೆ ಹದಿನಾಲ್ಕು ಸಾವಿರ ಬೈಟಿನ ಹೊರೆ. ಪ್ರೋಗ್ರಾಮುಗಳ ದಿನಚರಿಯನ್ನು ಜಾಲದ ಮೂಲಕ ಕಳುಹಿಸುವ ‘ಲಾಗ್‌ಬ್ಯಾಕ್’ ಎಂಬ ಪ್ರಸಿದ್ಧ ಸಾಧನದವರು ಎಪ್ಪತ್ತು ಸಲಕ್ಕೊಮ್ಮೆ ಕರೆಯುವಂತೆ ಇಟ್ಟಿದ್ದಾರೆಂದು ಆಮೇಲೆ ತಿಳಿದು ಸಮಾಧಾನವಾಯಿತು. ಪ್ರತಿ ಸಲವೂ ಹೊಸ ಅಳತೆಯನ್ನೇ ಹುಟ್ಟಿಸುವ ಹಳೆಯ ಕ್ರಮಕ್ಕೆ ಹಿಂದಿರುಗಿದೆ; ಒಮ್ಮೆ ಹುಟ್ಟಿದ ಅಳತೆಯನ್ನು ಯಾರೂ ತಿದ್ದಲಾಗದಂತೆಯೂ ಮಾಡಿದೆ.

ಇದನ್ನು ಮಾಡಹೊರಡುವವರು ಎಡವುವ ಕೆಲವು ಕಡೆಗಳಿವೆ. ಸ್ಟ್ರೀಮಿನ ಒಳಗೆ ಬೈಟುಗಳನ್ನು ಕೂಡಿಸುವ ಇನ್ನೊಂದು ಸ್ಟ್ರೀಮು ಇರುವುದುಂಟು. ಅದಕ್ಕೂ ರೀಸೆಟ್ ಎಂಬ ಅದೇ ಹೆಸರಿನ ಕ್ರಿಯೆಯಿದೆ. ಅದನ್ನು ಕರೆದರೆ ಕೂಡಿಸಿದ ಬೈಟುಗಳ ಲೆಕ್ಕ ಸೊನ್ನೆಯಾಗುತ್ತದೆ. ಹೊರಗಿನವನ ಕಡತಕ್ಕೆ ಏನೂ ಆಗುವುದಿಲ್ಲ. ಹೆಸರು ಕಂಡು ಮೋಸಹೋಗಬಾರದು. ವಸ್ತುವನ್ನು ನೆನಪಿಡದೆ ಬರೆ ಎಂದು ಹೇಳುವ ಬೇರೊಂದು ಕ್ರಿಯೆಯೂ ಉಂಟು. ಅದು ಹೊರಗಿನ ವಸ್ತುವೊಂದಕ್ಕೆ ಮಾತ್ರ ಅನ್ವಯಿಸುತ್ತದೆ. ಅದರೊಳಗಿನ ದಿನಾಂಕ, ಅಕ್ಷರಸಾಲುಗಳು ಎಂದಿನಂತೆ ಕಡತ ಸೇರುತ್ತವೆ, ಹೊರಗಿನದಕ್ಕೂ ಒಂದು ಖಾಲಿ ಮನೆ ಖರ್ಚಾಗುತ್ತದೆ. ಹೂಳು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಒಂದು ವಸ್ತುವನ್ನು ಬರೆಯುತ್ತಿರುವ ನಡುವೆ ರೀಸೆಟ್ ಕರೆದರಂತೂ ಸ್ಟ್ರೀಮು ಸಿಟ್ಟಾಗಿ ದೋಷವೆಂದು ಸಾರುತ್ತದೆ.

ಇನ್ನೊಂದು ಅಂಶ ನಮ್ಮ ಪ್ರೋಗ್ರಾಮಿನಲ್ಲಿ ಇರಲಿಲ್ಲವಾದರೂ ಹೇಳತಕ್ಕದ್ದು. ವಸ್ತುವೊಂದನ್ನು ಬರೆ ಎಂದರೆ ಅದು ಕೈಹಿಡಿದವರನ್ನೆಲ್ಲ, ಅವರು ಕೈಹಿಡಿದವರನ್ನೆಲ್ಲ ಸ್ಟ್ರೀಮು ಬರೆಯುತ್ತದೆ. ಒಬ್ಬ ವಿದ್ಯಾರ್ಥಿಯನ್ನು ಕಳುಹಿಸಹೋಗಿ, ತರಗತಿಯ ಮೂಲಕ ಅಧ್ಯಾಪಕರನ್ನೂ ಅಧ್ಯಾಪಕರ ಮೂಲಕ ಇಡೀ ಕಾಲೇಜನ್ನೂ ಕಳುಹಿಸಿ, ಕಡತದಲ್ಲಿಯೂ ಕಟ್ಟಿಟ್ಟುಕೊಂಡ ಪ್ರಸಂಗಗಳು ನಡೆಯುತ್ತವೆ. ಬೇಡವಾದ ಕೊಂಡಿಯ ಮುಂದೆ ‘ಟ್ರಾನ್ಸಿಯೆಂಟ್’ ಎಂಬ ಮಾತನ್ನು ಬರೆದರೆ ಸ್ಟ್ರೀಮು ಅಲ್ಲಿಗೆ ನಿಲ್ಲುತ್ತದೆ.

ಇದು ಜಾವಾದವರಿಗೆ ಮಾತ್ರ ಅಂಟಿದ ಜಾಡ್ಯವೆಂದು ತಿಳಿಯಬೇಕಾಗಿಲ್ಲ. ಪೈಥಾನ್ ಭಾಷೆಯಲ್ಲಿ ವಸ್ತುಗಳಿಗೆ ‘ಉಪ್ಪಿನಕಾಯಿ’ ಹಾಕುವ ಪಿಕಲ್ ಎಂಬ ಏರ್ಪಾಡಿದೆ (ಹೆಸರು ಅವರೇ ಇಟ್ಟದ್ದು). ಒಬ್ಬನೇ ಪಿಕ್ಲರನ್ನು ಉದ್ದಕ್ಕೂ ಬಳಸಿದರೆ ಅವನೂ ಕಂಡದ್ದನ್ನೆಲ್ಲ ‘ಮೆಮೊ’ ಎಂಬ ಪಟ್ಟಿಯಲ್ಲಿ ಹಿಡಿದಿಡುತ್ತಾನೆ. ಅದನ್ನು ಖಾಲಿಮಾಡುವ ಕ್ರಿಯೆಯನ್ನೂ ಕೊಟ್ಟಿದ್ದಾರೆ. ಮೈಕ್ರೋಸಾಫ್ಟಿನ ಡಾಟ್‌ನೆಟ್‌ನಲ್ಲಿ ಕಥೆ ಬೇರೆ. ಅಲ್ಲಿ ಎಕ್ಸ್‌ಎಂಎಲ್ ರೂಪಕ್ಕೆ ಬರೆಯುವ ‘ಎಕ್ಸ್‌ಎಂಎಲ್ ಸೀರಿಯಲೈಸರ್’ ಆಯಾ ಜಾತಿಗೆ ಬೇಕಾದ ಬರಹಗಾರನನ್ನು ಆಗಲೇ ಹುಟ್ಟಿಸಿ ಪ್ರೋಗ್ರಾಮಿಗೆ ಸೇರಿಸಿಕೊಳ್ಳುತ್ತದೆ. ಸರಳವಾದ ಎರಡು ವಿಧದಲ್ಲಿ ಅದನ್ನು ನಿರ್ಮಿಸಿದರೆ ಒಮ್ಮೆ ಹುಟ್ಟಿಸಿದವನನ್ನೇ ಮತ್ತೆ ಬಳಸುತ್ತದೆ. ಮಿಕ್ಕ ವಿಧಗಳಲ್ಲಿ ನಿರ್ಮಿಸಿದರೆ ಪ್ರತಿ ಸಲವೂ ಹೊಸಬನನ್ನು ಹುಟ್ಟಿಸುತ್ತದೆ, ಹಳಬನನ್ನು ಬಿಡುವುದಿಲ್ಲ. ಇಲ್ಲಿ ಉಳಿಯುವುದು ನಮ್ಮ ವಸ್ತುಗಳಲ್ಲ, ಪ್ರೋಗ್ರಾಮಿನ ತುಂಡುಗಳು. ಆದ್ದರಿಂದ ಕಲೆಕ್ಟರಿನ ಲೆಕ್ಕ ಚೊಕ್ಕವಾಗಿಯೇ ಇದ್ದು ಪ್ರೋಗ್ರಾಮಿನ ಒಟ್ಟು ಗಾತ್ರ ಮಾತ್ರ ಏರುತ್ತ ಹೋಗುತ್ತದೆ. ವಸ್ತುಗಳನ್ನು ಎಣಿಸುತ್ತ ಕುಳಿತವನಿಗೆ ಏನೂ ಸಿಗದು. ಒಮ್ಮೆ ನಿರ್ಮಿಸಿದ ಸೀರಿಯಲೈಸರನ್ನು ತಾವೇ ಎತ್ತಿಟ್ಟುಕೊಂಡು ಬಳಸುವುದೇ ಅದಕ್ಕೆ ಮದ್ದು.

ಈ ಲೇಖನದ ಕರಡನ್ನು ಓದಿದ ನಮ್ಮ ಅಧ್ಯಾಪಕರೊಬ್ಬರು, ‘ತೂಕವೊಂದನ್ನು ಕಳುಹಿಸಲು ಇಷ್ಟೆಲ್ಲ ಏಕಯ್ಯಾ, ಸಾದಾ ಅಕ್ಷರದ ಸಾಲಾಗಿ ಬರೆದು ಕಳುಹಿಸಬಾರದೆ?’ ಎಂದು ಕೇಳಿದರು. ಕಳುಹಿಸಬಹುದು, ಹೊಸದಾಗಿ ಬರೆಯುವುದಾದರೆ ನಾನೂ ಹಾಗೆಯೇ ಮಾಡುತ್ತೇನೆ. ಗುರುತಿಲ್ಲದವರಿಂದ ಬಂದ ಎಳೆಯನ್ನು ಬಿಚ್ಚಿ ವಸ್ತುವಾಗಿಸುವುದು ಅಪಾಯಕರವೆಂಬ ಕಾರಣವೂ ಸೇರಿ (೨೦೧೭ರ ಜಾವಾ ೯ರಲ್ಲಿ ಇದಕ್ಕೆಂದೇ ಒಂದು ಜರಡಿಯನ್ನು ಅಳವಡಿಸಿದರು) ಈಗ ಬಹುಮಂದಿ ಆ ದಾರಿಯನ್ನೇ ಹಿಡಿದಿದ್ದಾರೆ. ಆದರೆ ನಡೆಯುತ್ತಿರುವ ಡೈರಿಯಲ್ಲಿ ಎರಡು ಕಂಪ್ಯೂಟರಿನ ಪ್ರೋಗ್ರಾಮನ್ನೂ ಒಟ್ಟಿಗೆ ಬದಲಿಸುವ ಧೈರ್ಯ ನನಗಿರಲಿಲ್ಲ. ನಾನು ಸೇರಿಸಿದ್ದು ನಾಲ್ಕು ಸಾಲು: ಒಂದು ಎಣಿಕೆ, ಒಂದು ಹೋಲಿಕೆ, ಒಂದು ರೀಸೆಟ್, ಎಣಿಕೆಯನ್ನು ಮತ್ತೆ ಸೊನ್ನೆಗೆ ತರುವ ಒಂದು ಸಾಲು.

ಅದಾದ ಮೇಲೆ ಭಾನುವಾರದ ಪದ್ಧತಿಯನ್ನು ಬೇಕೆಂದೇ ನಿಲ್ಲಿಸಿ, ಪ್ರತಿ ರಾತ್ರಿ ಬುಡದ ಲೆಕ್ಕವನ್ನು ಮಾವನ ಹಳೆಯ ರಸೀದಿ ಪುಸ್ತಕದ ಬೆನ್ನಿಗೆ ಬರೆಯುತ್ತ ಬಂದೆ. ಮೊದಲ ರಾತ್ರಿ ೯. ನಾಲ್ಕನೆಯ ರಾತ್ರಿ ೯. ಎಂಟನೆಯ ದಿನ ಬೆಳಿಗ್ಗೆ ಮಾವ ಕಾಗದ, ಪೆನ್ಸಿಲು ಹಿಡಿದು ತಕ್ಕಡಿಯ ಪಕ್ಕದಲ್ಲಿಯೇ ನಿಂತಿದ್ದರು. ಆ ದಿನವೂ ಸರತಿ ಮುಗಿಯಿತು, ರಾತ್ರಿ ೯. ರಜೆ ಮುಗಿದು ನಾನು ಹೊರಟದ್ದು ಇಪ್ಪತ್ತನೆಯ ದಿನ. ಅಂದು ಬೆಳಿಗ್ಗೆ ಬರೆದದ್ದೂ ೯. ಹೊರಡುವಾಗ ಗೋಡೆಯ ಚೀಟಿಯನ್ನು ಕೀಳಲು ಹೋದೆ. ‘ಇರಲಿ ಬಿಡೋ, ಅದೇನು ಅನ್ನ ಕೇಳುತ್ತದೆಯೆ’ ಎಂದರು ಮಾವ. ಚೀಟಿ ಅಲ್ಲಿಯೇ ಇದೆ.